‘ಕಸದಿಂದ ರಸ’ ಅಂತ ಹೊಸ ಕಸ ಮಾಡಬೇಡಿ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಬೇಡವಾದ ಸಾಮಾನಿನಿಂದ ಏನೇನು ಮಾಡಬಹುದು ಅಂತ ನಿಮ್ಮ ಪುರವಣಿಯಲ್ಲಿ ಆಗಾಗ ಬರುತ್ತದೆ. ನಾನೂ ಓದುತ್ತೇನೆ. ಖಾಲಿ ಬಾಟಲಿಗೆ ಬಣ್ಣ ಬಳಿದು ಹೂದಾನಿ, ಹಳೇ ಸಿ.ಡಿ.ಗೆ ಮಿಂಚು ಅಂಟಿಸಿ ಗೋಡೆಗೆ ಅಲಂಕಾರ, ಪ್ಲಾಸ್ಟಿಕ್ ಚಮಚದಲ್ಲಿ ಕಮಲದ ಹೂವು. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಆರು ತಿಂಗಳು ಬಿಟ್ಟು ಆ ಮನೆಗೆ ಹೋಗಿ ನೋಡಿ. ಹೂದಾನಿ ಧೂಳು ಹಿಡಿದು ಷೋಕೇಸಿನಿಂದ ಅಟ್ಟಕ್ಕೆ ಹೋಗಿರುತ್ತದೆ, ಮುಂದಿನ ಹಬ್ಬಕ್ಕೆ ಮನೆ ಗುಡಿಸುವಾಗ ಅಟ್ಟದಿಂದ ಬೀದಿಗೆ. ನನ್ನ ತಕರಾರು ಇರುವುದು ಇಲ್ಲೇ. ಬಣ್ಣ ಬಳಿಯದೆ ಆ ಬಾಟಲಿಯನ್ನು ಹಾಗೇ ಗುಜರಿಗೆ ಹಾಕಿದ್ದರೆ ಅದಕ್ಕೊಂದು ದಾರಿ ಇತ್ತು.

ನೀರಿನ ಬಾಟಲಿ, ಕೂಲ್‌ಡ್ರಿಂಕ್ಸ್ ಬಾಟಲಿಯ ತಳ ನೋಡಿ. ತ್ರಿಕೋನದೊಳಗೆ 1 ಅಂತ ಇರುತ್ತದೆ. ಅದು ಪೆಟ್ ಪ್ಲಾಸ್ಟಿಕ್. ಗುಜರಿಯವರು ಬೇಡ ಅನ್ನದೆ ತಗೊಳ್ಳುವ ಮಾಲು. ಅವರಿಂದ ದೊಡ್ಡ ವ್ಯಾಪಾರಿಗೆ ಹೋಗಿ, ಅಲ್ಲಿಂದ ಕಾರ್ಖಾನೆಗೆ ಹೋಗಿ, ತೊಳೆದು ಚೂರು ಮಾಡಿ ಕರಗಿಸಿ ಎಳೆ ತೆಗೆದರೆ ದಿಂಬಿಗೆ ತುಂಬುವ ನಾರಾಗುತ್ತದೆ, ಪಾಲಿಯೆಸ್ಟರ್ ಬಟ್ಟೆಯೂ ಆಗುತ್ತದೆ. ಅದೇ ಬಾಟಲಿಗೆ ಆಯಿಲ್ ಪೇಂಟ್ ಬಳಿದು, ಗಮ್ ಹಚ್ಚಿ, ಮಿಂಚು ಉದುರಿಸಿ, ಮೇಲೊಂದು ಲೇಸು ಸುತ್ತಿದರೆ ಆ ದಾರಿ ಮುಚ್ಚಿತು. ಗುಜರಿಯವನು ತಿರುಗಿಸಿ ನೋಡಿ ಪಕ್ಕಕ್ಕೆ ಎಸೆಯುತ್ತಾನೆ. ಮರುಬಳಕೆ ಮಾಡುತ್ತೇವೆ ಅಂತ ಹೋಗಿ ಅದರ ಮರುಬಳಕೆಯನ್ನೇ ತಪ್ಪಿಸಿದ ಹಾಗಾಯಿತು ಅಲ್ವಾ?

ಇನ್ನು ಶಾಲೆಗಳ ‘ಕಸದಿಂದ ರಸ’ ಸ್ಪರ್ಧೆ. ಮಕ್ಕಳಿರುವ ಮನೆಯವರಿಗೆಲ್ಲ ಇದು ಗೊತ್ತು. ಸಂಜೆ ಮಗು ಬ್ಯಾಗು ಇಳಿಸುತ್ತಾ "ಅಮ್ಮಾ, ನಾಳೆ ಕಸದಿಂದ ರಸ ತಗೊಂಡು ಹೋಗಬೇಕು" ಅನ್ನುತ್ತದೆ. ತಾಯಿ ಒಲೆ ಆರಿಸಿ ಸ್ಟೇಷನರಿ ಅಂಗಡಿಗೆ ಓಡುತ್ತಾಳೆ. ಥರ್ಮೋಕೋಲ್ ಹಾಳೆ, ಬಣ್ಣದ ಕಾಗದ, ಮಿಂಚಿನ ಪುಡಿ, ಅಂಟಿನ ಕಡ್ಡಿ. ಎಲ್ಲ ಹೊಸದು, ಕಸ ಅನ್ನುವುದು ಹುಡುಕಿದರೂ ಇಲ್ಲ. ತಮಾಷೆ ಅಂದರೆ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಆಗಿರುವ ವಸ್ತುಗಳ ಪಟ್ಟಿಯಲ್ಲೇ ಇದೆ. ಪ್ಲಾಸ್ಟಿಕ್ ಚಮಚ, ಸ್ಟ್ರಾ, ಬಲೂನಿನ ಕಡ್ಡಿ, ಇವುಗಳ ಜೊತೆಯಲ್ಲೇ ಅದರ ಹೆಸರೂ ಇದೆ. ಪರಿಸರ ಉಳಿಸಿ ಅಂತ ಬರೆದ ಮಾದರಿ ನಿಂತಿರುವುದು ಅದರ ಮೇಲೆ! ಬಹುಮಾನ ಯಾವುದು ಜಾಸ್ತಿ ಹೊಳೆಯುತ್ತದೋ ಅದಕ್ಕೆ. ಹರಿದ ಛತ್ರಿಯ ಬಟ್ಟೆ ಬಿಚ್ಚಿ ಚೀಲ ಹೊಲಿಸಿಕೊಂಡು ಬಂದ ಮಗುವಿಗೆ ಸಮಾಧಾನಕರ ಬಹುಮಾನವೂ ಸಿಗುವುದಿಲ್ಲ. ಛತ್ರಿಯ ಬಟ್ಟೆ ನೀರಿಗೆ ಜಗ್ಗುವುದಿಲ್ಲ, ಒದ್ದೆ ಸೊಪ್ಪು ತರಲು ಅದಕ್ಕಿಂತ ಒಳ್ಳೆ ಚೀಲ ಇಲ್ಲ. ಆದರೆ ಅದು ಹೊಳೆಯಲ್ಲವಲ್ಲ.

ಮೇಷ್ಟ್ರುಗಳಿಗೆ, ಮಿಸ್‌ಗಳಿಗೆ ನನ್ನದೊಂದು ಕೋರಿಕೆ. ಸ್ಪರ್ಧೆ ಇಡಿ, ಬೇಡ ಅನ್ನಲ್ಲ. ಅಂಗಡಿಯಿಂದ ಏನೂ ತರಬಾರದು ಅಂತ ಒಂದು ನಿಯಮ ಹಾಕಿ. ಮಾಡಿದ್ದನ್ನು ಮನೆಯಲ್ಲಿ ಒಂದು ತಿಂಗಳು ಬಳಸಿ ಆಮೇಲೆ ತನ್ನಿ ಅಂತ ಇನ್ನೊಂದು. ಬಳಸಿ ಬಳಸಿ ಸ್ವಲ್ಪ ಸವೆದಿರುವುದಕ್ಕೆ ಮೊದಲ ಬಹುಮಾನ ಕೊಡಿ.

ಏನನ್ನೂ ಬಿಸಾಡದೆ ಬದುಕುವುದನ್ನು ಮೊಬೈಲಿನ ವಿಡಿಯೊ ನೋಡಿ ಕಲಿಯಬೇಕಾದ ಊರು ನಮ್ಮದಲ್ಲ. ಶಿಡ್ಲಘಟ್ಟ ರೇಷ್ಮೆ ಊರು, ನನ್ನ ತವರಿನವರೂ ಹುಳು ಸಾಕುವವರು. ಆ ಮನೆಯೊಳಗೆ ಒಂದು ಸಲ ಹೋಗಿ ನೋಡಬೇಕು. ಚಾಕಿ ಹುಳುವಿನ, ಅಂದರೆ ಇನ್ನೂ ಎಳೆಯ ಹುಳುವಿನ ಕೆಳಗೆ ಹಾಸುವುದು ಓದಿ ಮುಗಿದ ಪೇಪರು, ಅದರಲ್ಲಿ ನಿಮ್ಮ ಪತ್ರಿಕೆಯೂ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ ದನಕ್ಕೆ, ಕುರಿಗೆ. ಹಿಕ್ಕೆ ಮತ್ತು ಚೂರು ಸೊಪ್ಪು ತಿಪ್ಪೆಗೆ, ತಿಪ್ಪೆಯಿಂದ ಮತ್ತೆ ಹಿಪ್ಪುನೇರಳೆ ತೋಟಕ್ಕೆ. ಗೂಡು ಮಾರುಕಟ್ಟೆಗೆ ಹೋಗಿ ನೂಲು ಬಿಚ್ಚಿದ ಮೇಲೆ ಒಳಗಿನ ಹುಳುವನ್ನೂ ಬಿಸಾಡುವುದಿಲ್ಲ, ಒಣಗಿಸಿದರೆ ಕೋಳಿ, ಮೀನಿನ ಮೇವಿಗೆ ಹೋಗುತ್ತದೆ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಆಗುವುದಿಲ್ಲ. ಅದನ್ನು ಹಾರ ಮಾಡುತ್ತಾರೆ. ಸಮಾರಂಭಕ್ಕೆ ಬಂದವರ ಕೊರಳಿಗೆ ಬೀಳುವ ರೇಷ್ಮೆ ಗೂಡಿನ ಹಾರಗಳು ಹೆಚ್ಚಾಗಿ ಇಂಥವೇ. ಇಲ್ಲಿ ಯಾರೂ ಇದನ್ನು ಮರುಬಳಕೆ ಅಂತ ಹೇಳಿಕೊಂಡು ತಿರುಗುವುದಿಲ್ಲ. ಕೆಲಸಕ್ಕೆ ಬರುತ್ತದೆ, ಬಳಸುತ್ತಾರೆ, ಅಷ್ಟೇ.

ಚಂದ್ರಿಕೆಯನ್ನೇ ತಗೊಳ್ಳಿ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಎಡೆ ಸಡಿಲಾಗಿ ಹುಳುವಿಗೆ ಬೇಡವಾದ ಮೇಲೆ ಅದರ ಮೇಲೆ ಸಂಡಿಗೆ ಒಣಗಿತು, ಮೆಣಸಿನಕಾಯಿ ಒಣಗಿತು. ಇನ್ನೂ ಹಳೆಯದಾದರೆ ಕುರಿ ಕೊಟ್ಟಿಗೆಗೆ ಅಡ್ಡ, ಬಚ್ಚಲಿಗೆ ಮರೆ. ಪೂರ್ತಿ ಮುರಿದರೆ ನೀರೊಲೆಗೆ ಸೌದೆ. ಈಗ ಬಂದಿರುವುದು ಪ್ಲಾಸ್ಟಿಕ್ ಚಂದ್ರಿಕೆ. ಹಗುರ, ತೊಳೆಯಲು ಸುಲಭ, ಮಡಚಿ ಇಡಬಹುದು, ರೈತರು ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಮುರಿದ ಮೇಲೆ ಅದಕ್ಕೆ ಎರಡನೇ ಕೆಲಸ ಇಲ್ಲ. ಹೊಲದ ಬದುವಿನಲ್ಲಿ ಬಿದ್ದಿರುತ್ತದೆ. ಹೊಸ ವಸ್ತು ಕೊಳ್ಳುವಾಗ ನಾನು ಈಗೀಗ ಇದನ್ನೇ ನೋಡುವುದು: ಇದು ಹಾಳಾದ ಮೇಲೆ ಇನ್ನೇನಕ್ಕೆ ಬರುತ್ತದೆ?

ಬಟ್ಟೆಯ ವಿಷಯಕ್ಕೆ ಬರುತ್ತೇನೆ, ನಮ್ಮ ಮನೆಗಳಲ್ಲಿ ಜಾಸ್ತಿ ತುಂಬಿಕೊಳ್ಳುವುದು ಅದೇ. ಹಳೇ ಕಾಟನ್ ಪಂಚೆ ಇದ್ದರೆ ದಯವಿಟ್ಟು ಬಿಸಾಡಬೇಡಿ. ಹುರುಳಿಕಾಳು ಮೊಳಕೆ ಕಟ್ಟಲು ಅದಕ್ಕೆ ಸಮನಾದ ಬಟ್ಟೆ ಇಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಕುಡಿಯುವುದಿಲ್ಲ. ಒಗೆದು ಒಗೆದು ಮೆತ್ತಗಾದ ಪಂಚೆ ಸರಿಯಾಗಿ ತೇವ ಹಿಡಿದುಕೊಳ್ಳುತ್ತದೆ, ಗಾಳಿಯೂ ಆಡುತ್ತದೆ. ರಾತ್ರಿ ನೆನೆಸಿದ ಕಾಳನ್ನು ಬೆಳಗ್ಗೆ ಬಸಿದು ಅದರಲ್ಲಿ ಬಿಗಿಯಾಗಿ ಕಟ್ಟಿ, ಒಂದು ಪಾತ್ರೆಯಲ್ಲಿಟ್ಟು, ಮೇಲೆ ಭಾರ ಹೇರಿ, ಮಧ್ಯೆ ಒಂದೆರಡು ಸಲ ನೀರು ಚಿಮುಕಿಸಿದರೆ ಮಾರನೇ ದಿನಕ್ಕೆ ಬಟ್ಟೆಯ ಎಳೆಗಳ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತಿರುತ್ತದೆ. ಮೊಸರು ಸೋಸಿ ಗಟ್ಟಿ ಮಾಡಲೂ ಅದೇ ಬಟ್ಟೆ. ರಾಗಿ ಮೊಳಕೆ ಕಟ್ಟಿ ಮಗುವಿಗೆ ಸರಿಹಿಟ್ಟು ಮಾಡುವವರಿಗೂ ಅದೇ.

ಹಳೇ ಕಾಟನ್ ಸೀರೆ ಆದರೆ ಬೊಂತೆ, ಅಂದರೆ ಕೌದಿ. ನಮ್ಮ ಕಡೆ ಅಜ್ಜಿಯರು ಹೊಲಿಯುತ್ತಿದ್ದರು, ಈಗಲೂ ಕೆಲವರು ಹೊಲಿಯುತ್ತಾರೆ. ಗಟ್ಟಿ ಇರುವ ಸೀರೆ ಮೇಲೊಂದು ಕೆಳಗೊಂದು, ಹರಿದದ್ದೆಲ್ಲ ನಡುವೆ. ನೆಲಕ್ಕೆ ಹಾಸಿ, ಸುಕ್ಕು ಇಲ್ಲದ ಹಾಗೆ ಎಳೆದು, ನಾಲ್ಕು ಮೂಲೆಗೂ ಭಾರ ಇಟ್ಟು, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿನ ತನಕ ದೊಡ್ಡ ಹೊಲಿಗೆ ಹಾಕಿಕೊಂಡು ಬರಬೇಕು. ಅವಸರದ ಕೆಲಸ ಅಲ್ಲ. ಸಿಂಥೆಟಿಕ್ ಸೀರೆಯಲ್ಲಿ ಇದು ಆಗುವುದಿಲ್ಲ. ಪದರ ಜಾರುತ್ತದೆ, ಹೊದ್ದರೆ ಬೆವರು ಹೀರುವುದಿಲ್ಲ, ನೆಲ ಒರೆಸಲೂ ಬರುವುದಿಲ್ಲ.

ಹಾಗಂತ ಸಿಂಥೆಟಿಕ್ ಸೀರೆ ದಂಡ ಅಲ್ಲ. ಅದಕ್ಕೆ ಹೊಲದಲ್ಲಿ ಕೆಲಸ ಇದೆ. ಹಂದಿ ಕಾಟ ಇರುವ ಕಡೆ ರೈತರು ಹೊಲದ ಸುತ್ತ ಬಣ್ಣಬಣ್ಣದ ಸೀರೆ ಕಟ್ಟಿರುವುದನ್ನು ಬಸ್ಸಿನಲ್ಲಿ ಹೋಗುವಾಗ ನೀವೂ ನೋಡಿರುತ್ತೀರಿ. ಬಿಸಿಲಿಗೆ ಬಣ್ಣ ಹೋದರೂ ಬೇಗ ಕೊಳೆಯುವುದಿಲ್ಲ. ಟೊಮೆಟೊ ಗಿಡವನ್ನು ಕೋಲಿಗೆ ಕಟ್ಟಲು ಅದರ ಪಟ್ಟಿ ಒಳ್ಳೆಯದು, ದಾರದ ಹಾಗೆ ಕಾಂಡ ಕೊಯ್ಯುವುದಿಲ್ಲ. ಬೆಳೆ ಮುಗಿದ ಮೇಲೆ ಆ ಪಟ್ಟಿಗಳನ್ನು ಬಿಚ್ಚಿ ಎತ್ತಿಡಬೇಕು ಅಷ್ಟೇ. ಮಣ್ಣಿನಲ್ಲೇ ಉಳಿದರೆ ಅದೂ ಪ್ಲಾಸ್ಟಿಕ್ಕೇ.

ಇನ್ನೊಂದು ವಿಷಯ. ಬೇಡದ ವಸ್ತು ಅಂತ ನಾವು ಪಕ್ಕಕ್ಕಿಡುವುದರಲ್ಲಿ ಎಷ್ಟೋ ಬರೀ ರಿಪೇರಿ ಆಗಬೇಕಾದವು. ನಮ್ಮ ಮಿಕ್ಸಿ ಜಾರು ತಿರುಗುವುದು ನಿಲ್ಲಿಸಿತು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಪೂರ್ತಿ ಜಾರೇ ಬದಲಾಯಿಸಬೇಕು ಅಂದರು. ಬಸ್ ಸ್ಟ್ಯಾಂಡ್ ಹತ್ತಿರದ ಮಿಕ್ಸಿ ರಿಪೇರಿಯವರು ಜಾರು ತಿರುಗಿಸಿ ನೋಡಿ, ಅಡಿಯಲ್ಲಿದ್ದ ಕಪ್ಲರ್ ಮುರಿದಿದೆ, ಬುಷ್ ಸವೆದಿದೆ ಅಂದರು. ಅಲ್ಲೇ ಕೂತು ಎರಡನ್ನೂ ಹಾಕಿಕೊಟ್ಟರು, ಇಬ್ಬರು ಹೋಟೆಲಿನಲ್ಲಿ ತಿಂಡಿ ತಿಂದಷ್ಟು ದುಡ್ಡಿಗೆ. ಜಾರು ಸಿಕ್ಕಿಹಾಕಿಕೊಂಡಾಗ ಮೋಟಾರು ಸುಡದಿರಲಿ ಅಂತ ಕಪ್ಲರ್ ತಾನು ಮುರಿದುಕೊಳ್ಳುತ್ತದೆ, ಅದು ಇರುವುದೇ ಅದಕ್ಕೆ ಅಂತ ಅವರೇ ಹೇಳಿದರು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗೆ ಅಂತಲೇ ಒಂದು ಪೋರ್ಟಲ್ ತೆರೆದಿದೆ. ಒಳ್ಳೆಯದೇ. ಆದರೆ ನಮ್ಮಂಥ ಊರಿನಲ್ಲಿ ರಿಪೇರಿ ಉಳಿದಿರುವುದು ಈ ಚಿಕ್ಕ ಅಂಗಡಿಯವರಿಂದ. ಕುಕ್ಕರಿಗೆ ಹಿಡಿ ಹಾಕುವವರು, ಬ್ಯಾಗಿಗೆ ಜಿಪ್ ಹೊಲಿಯುವವರು, ಚಪ್ಪಲಿ ಹೊಲಿಯುವವರು, ಹಳೇ ಹಾಸಿಗೆಯ ಹತ್ತಿ ಹಿಂಜಿ ಕೊಡುವವರು. ಅವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಿ ಆನ್‌ಲೈನಿನಲ್ಲಿ ಹೊಸದಕ್ಕೆ ಸಾವಿರ ಕೊಡುತ್ತೇವೆ.

ಈಗ ದಿನಾ ಎಲ್ಲರ ಮನೆಗೂ ಬರುವ ಹಾಲಿನ ಪ್ಯಾಕೆಟ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂಲೆ ಕತ್ತರಿಸುವಾಗ ತುಣುಕು ಪೂರ್ತಿ ಬೇರೆ ಆಗದ ಹಾಗೆ ಒಂದು ಚೂರು ಬಿಟ್ಟು ಕತ್ತರಿಸಿ. ಆ ಉಗುರಿನಷ್ಟು ತುಣುಕನ್ನು ಯಾರೂ ಆರಿಸುವುದಿಲ್ಲ, ಸಿಂಕಿನ ಮೂಲಕ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತದೆ. ಹಾಲು ಸುರಿದ ಮೇಲೆ ಪ್ಯಾಕೆಟ್ಟಿಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರು ಕರಿಬೇವಿನ ಗಿಡಕ್ಕೆ. ಬಟ್ಟೆ ಒಣಹಾಕುವ ತಂತಿಗೆ ತಲೆಕೆಳಗಾಗಿ ಕ್ಲಿಪ್ಪು ಹಾಕಿದರೆ ಸಂಜೆಗೆ ಒಣಗಿರುತ್ತದೆ. ತೊಳೆಯದೆ ಒಟ್ಟು ಹಾಕಿದರೆ ಎರಡೇ ದಿನಕ್ಕೆ ನಾತ, ಇರುವೆ, ಇಲಿ. ಗುಜರಿಯವರೂ ಮೂಗು ಮುರಿಯುತ್ತಾರೆ. ಒಣಗಿದ್ದನ್ನು ಒಂದು ಚೀಲದಲ್ಲಿ ಸೇರಿಸಿಟ್ಟು ತೂಕಕ್ಕೆ ಹಾಕಿದರೆ ದುಡ್ಡು ಬರುತ್ತದೆ. ದೊಡ್ಡ ದುಡ್ಡಲ್ಲ, ಸಾಸಿವೆ ಜೀರಿಗೆ ಖರ್ಚಿಗಾಯಿತು.

ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಈ ಪ್ಯಾಕೆಟ್ಟಿಗೆ ಇರುವ ಕೆಲಸ ಬೇರೆ. ಬೆಳಗ್ಗೆ ಹಂಡೆ ಒಲೆ ಹೊತ್ತಿಸುವುದು! ಸೀಮೆಎಣ್ಣೆ ಸಿಗುವುದಿಲ್ಲ, ಪ್ಲಾಸ್ಟಿಕ್ ಚುರುಕಾಗಿ ಹತ್ತಿಕೊಳ್ಳುತ್ತದೆ ಅಂತ ಹಾಲಿನ ಕವರು, ಚಿಪ್ಸ್ ಕವರು, ಹರಿದ ಚಪ್ಪಲಿ ಎಲ್ಲ ಒಲೆಗೆ. ಚಳಿಗಾಲದಲ್ಲಿ ಬೀದಿ ಬದಿಯಲ್ಲಿ ಬೆಂಕಿ ಕಾಯಿಸುವವರದ್ದೂ ಇದೇ ಕಥೆ. ಆ ಹೊಗೆ ಮೊದಲು ಹೋಗುವುದು ಒಲೆ ಊದುವವರ ಎದೆಗೆ, ಅಂದರೆ ಮನೆಯ ಹೆಂಗಸರಿಗೆ. ಒಲೆ ಹೊತ್ತಿಸಲು ಒಣ ತೆಂಗಿನ ಗರಿ, ಕಾಯಿ ಸಿಪ್ಪೆ, ಕರಟ ನಮ್ಮಲ್ಲಿ ಏನು ಕಮ್ಮಿಯೇ?

ಹಸಿ ಕಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಹೇಳಿದ್ದಾರೆ. ತೂತಿರುವ ಹಳೇ ಬಕೆಟ್ ಸಾಕು. ಒಂದು ಪದರ ತರಕಾರಿ ಸಿಪ್ಪೆ, ಮೇಲೆ ಅದಕ್ಕಿಂತ ದಪ್ಪಗೆ ಒಣ ಎಲೆ, ಶುರುವಿನಲ್ಲಿ ಒಂದಿಷ್ಟು ಸಗಣಿ ನೀರು ಅಥವಾ ಹುಳಿ ಮಜ್ಜಿಗೆ. ನಾತ ಬಂದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ, ಒಣ ಎಲೆ ಹಾಕಿ ಕೆದಕಿ. ಎರಡು ಮೂರು ತಿಂಗಳಿಗೆ ಗೊಬ್ಬರ.

ಕೆಲವನ್ನು ಮಾತ್ರ ಮರುಬಳಕೆ ಮಾಡಲೇಬಾರದು. ನಮ್ಮ ಚಿಕ್ಕಬಳ್ಳಾಪುರ ತರಕಾರಿ, ದ್ರಾಕ್ಷಿ ಬೆಳೆಯುವ ಜಿಲ್ಲೆ, ಔಷಧಿ ಹೊಡೆಯುವ ಡಬ್ಬಗಳು ಎಲ್ಲಿ ನೋಡಿದರೂ ಬಿದ್ದಿರುತ್ತವೆ. ಗಟ್ಟಿ ಡಬ್ಬ, ಮುಚ್ಚಳ ಚೆನ್ನಾಗಿದೆ ಅಂತ ಅದನ್ನು ತೊಳೆದು ಹೊಲಕ್ಕೆ ಕುಡಿಯುವ ನೀರು ತಗೊಂಡು ಹೋಗುವವರನ್ನು ನೋಡಿದ್ದೇನೆ. ಎಷ್ಟು ತೊಳೆದರೂ ವಿಷ ಪೂರ್ತಿ ಹೋಗಿದೆ ಅಂತ ಹೇಳಲಾಗುವುದಿಲ್ಲ. ಅಂಥ ಡಬ್ಬಕ್ಕೆ ತೂತು ಹೊಡೆದು ಯಾರೂ ಬಳಸದ ಹಾಗೆ ಮಾಡುವುದೇ ಸರಿ. ಪೇಂಟ್ ಬಕೆಟ್ಟಿನಲ್ಲಿ ಅಕ್ಕಿ ತುಂಬುವುದೂ ಬೇಡ, ಬಟ್ಟೆ ನೆನೆಸಲು ಇರಲಿ. ಹಳೇ ಟೈರಿನಲ್ಲಿ ಗಿಡ ಹಾಕುವವರು ಅಡಿಗೆ ತೂತು ಮಾಡಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಡೆಂಗಿ ಸೊಳ್ಳೆಯ ಮೊಟ್ಟೆ ಒಣಗಿದ ಟೈರಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಮಳೆ ನೀರು ನಿಂತ ತಕ್ಷಣ ಮರಿ. ಮತ್ತೆ ನಿಮ್ಮ ಪೇಪರಿನ ವಿಷಯ, ಬಜ್ಜಿ ಬೋಂಡ ಕಟ್ಟಿಕೊಡುವುದು. ಮುದ್ರಣದ ಶಾಯಿ ಬಿಸಿ ಎಣ್ಣೆಯ ಜೊತೆ ಹೊಟ್ಟೆಗೆ ಹೋಗುತ್ತದೆ, ಹಾಗೆ ಕಟ್ಟಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಪೇಪರಿಗೆ ಬೇರೆ ಕೆಲಸ ಇಲ್ಲವೇ? ಮಾವಿನಕಾಯಿ ಹಣ್ಣಿಗೆ ಹಾಕಿ ಮುಚ್ಚಲು, ಕಿಟಕಿ ಗಾಜು ಉಜ್ಜಲು, ಹುಳುಮನೆಗೆ, ಕೊನೆಗೆ ಗುಜರಿಗೆ.

ಕೆಟ್ಟ ಮೊಬೈಲು, ಚಾರ್ಜರ್, ರಿಮೋಟಿನ ಸೆಲ್ಲು, ಟ್ಯೂಬ್‌ಲೈಟು. ಇವನ್ನು ಏನು ಮಾಡುವುದು ಅಂತ ನಮ್ಮಂಥ ಚಿಕ್ಕ ಊರಿನಲ್ಲಿ ಹೇಳುವವರು ಯಾರೂ ಇಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಲ್ಲಿ ಹಳೇ ಸಾಮಾನಿನ ಹೊಣೆ ತಯಾರಕರ ಮೇಲಿದೆ. ಬೆಂಗಳೂರಿನಲ್ಲಿ ಪೆಟ್ಟಿಗೆ ಇಟ್ಟಿರಬಹುದು, ಇಲ್ಲಿ ಎಲ್ಲಿ? ಹಾಗಾಗಿ ವೈರು ಗುಜರಿಗೆ ಹೋಗಿ ತಾಮ್ರಕ್ಕೋಸ್ಕರ ಸುಡುತ್ತದೆ, ಟ್ಯೂಬ್‌ಲೈಟು ಖಾಲಿ ಸೈಟಿನಲ್ಲಿ ಮಕ್ಕಳ ಕೈಗೆ ಸಿಕ್ಕಿ ಒಡೆಯುತ್ತದೆ. ಹಳೇ ಥರದ ಟ್ಯೂಬ್‌ಲೈಟಿನೊಳಗೆ ಪಾದರಸ ಇರುತ್ತದೆ. ಇದು ಮನೆಯವರ ಜಾಣತನದಿಂದ ಬಗೆಹರಿಯುವ ವಿಷಯವಲ್ಲ, ನಗರಸಭೆಯೇ ಮಾಡಬೇಕು.

ನಗರಸಭೆ ಅಂದಾಗ ನೆನಪಾಯಿತು. ಬಟ್ಟೆ, ಪುಸ್ತಕ, ಆಟಿಕೆ, ಪಾತ್ರೆ, ನಮಗೆ ಬೇಡವಾಗಿ ಇನ್ನೊಬ್ಬರಿಗೆ ಬೇಕಾಗುವ ಸಾಮಾನು ಕೊಡಲು ಊರೂರಲ್ಲಿ ಕೇಂದ್ರ ತೆರೆಯಿರಿ ಅಂತ ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹೇಳಿತ್ತು. ಆರ್‌ಆರ್‌ಆರ್ ಕೇಂದ್ರ ಅಂತ ಹೆಸರು, ಅಂದರೆ ಬಳಕೆ ಕಮ್ಮಿ ಮಾಡಿ, ಮತ್ತೆ ಬಳಸಿ, ಮರುಬಳಕೆಗೆ ಕೊಡಿ (ರೆಡ್ಯೂಸ್, ರೀಯೂಸ್, ರೀಸೈಕಲ್) ಅಂತ. ಆ ಅಭಿಯಾನ ಜೂನ್ 5ರ ಪರಿಸರ ದಿನದ ತನಕ. ಆಮೇಲೆ? ಸಾಮಾನು ಬೇಡವಾಗುವುದು ವರ್ಷಪೂರ್ತಿ, ಜೂನಿನಲ್ಲಿ ಮಾತ್ರ ಅಲ್ಲ. ಶಾಲೆ ಶುರುವಾಗುವ ಮುಂಚೆ ಯೂನಿಫಾರಂ, ಪಠ್ಯಪುಸ್ತಕ, ಬ್ಯಾಗು ಕೊಡುವವರೂ ಇದ್ದಾರೆ, ಬೇಕಾದವರೂ ಇದ್ದಾರೆ. ಇಬ್ಬರೂ ಸೇರುವ ಒಂದು ಕೋಣೆ ಇಲ್ಲ. ವಾರಕ್ಕೊಂದು ದಿನ ತೆರೆದರೂ ಸಾಕು. ಕೊಡುವವರಿಗೂ ಒಂದು ಮಾತು: ಒಗೆದು, ಗುಂಡಿ ಹಾಕಿ, ಮಡಚಿ ಕೊಡಿ. ನಿಮ್ಮ ನೆಂಟರ ಮಗುವಿಗೆ ಕೊಡಲು ನಾಚಿಕೆಯಾಗುವ ಬಟ್ಟೆಯನ್ನು ಬೇರೆಯವರ ಮಗುವಿಗೂ ಕೊಡಬೇಡಿ.

ಸ್ವಚ್ಛ ಮಾಡಿ ಕೊಡಬೇಕು ಅನ್ನುವುದು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಬೆಂಗಳೂರಿನವರು ಬಳಸಿದ ನೀರು ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ಯೋಜನೆಯಲ್ಲಿ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬರುತ್ತಿದೆ, ಕೋಲಾರಕ್ಕೆ ಕೆ.ಸಿ. ವ್ಯಾಲಿಯಿಂದ (ಕೋರಮಂಗಲ–ಚಲ್ಲಘಟ್ಟ ಕಣಿವೆ) 2018ರಲ್ಲೇ ಶುರುವಾಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ನಾವು ಹೋರಾಟ ಮಾಡುತ್ತಿದ್ದೇವೆ, ಮಾಡಲೇಬೇಕು. ಅದೇ ನಾವು ಸಾಂಬಾರು ಮೆತ್ತಿದ ಪಾರ್ಸೆಲ್ ಡಬ್ಬವನ್ನು ಪೌರಕಾರ್ಮಿಕರ ಕೈಗೆ ಹಾಗೇ ಕೊಡುತ್ತೇವೆ.

ಸಂಪಾದಕರೇ, ಕೊನೆಗೆ ನಿಮ್ಮಿಂದ ಆಗಬೇಕಾದದ್ದೊಂದಿದೆ. ಟೊಮೆಟೊ ಧಾರಣೆ, ರೇಷ್ಮೆ ಗೂಡಿನ ಧಾರಣೆ, ಚಿನ್ನ ಬೆಳ್ಳಿ ಎಲ್ಲ ಹಾಕುತ್ತೀರಿ. ವಾರಕ್ಕೊಮ್ಮೆ ಗುಜರಿ ಧಾರಣೆಯನ್ನೂ ಹಾಕಿ. ಪೇಪರು ಕೆ.ಜಿ.ಗೆ ಎಷ್ಟು, ರಟ್ಟು ಎಷ್ಟು, ಹಾಲಿನ ಕವರು, ಬಾಟಲಿ, ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಎಷ್ಟು ಅಂತ. ಆಟೊದಲ್ಲಿ ಮೈಕು ಹಾಕಿಕೊಂಡು ಬರುವವರು ಒಂದು ರಾಶಿ ಕಬ್ಬಿಣಕ್ಕೆ ಒಂದು ಮೊರ ಈರುಳ್ಳಿ ಕೊಟ್ಟು ಹೋಗುತ್ತಾರೆ, ಹಳೇ ಹಿತ್ತಾಳೆ ಚೊಂಬಿಗೆ ಪ್ಲಾಸ್ಟಿಕ್ ಬುಟ್ಟಿ. ಮನೆಯಲ್ಲಿರುವ ಹೆಂಗಸರಿಗೆ, ವಯಸ್ಸಾದವರಿಗೆ ಬೆಲೆ ಗೊತ್ತಿರುವುದಿಲ್ಲ, ತಕ್ಕಡಿಯೂ ಅವರದ್ದೇ. ಯಾವ ಮಾಲಿಗೆ ಬೆಲೆ ಇದೆ, ಚಿಪ್ಸ್ ಕವರಿನ ಥರ ಯಾವುದಕ್ಕೆ ಬೆಲೆಯೇ ಇಲ್ಲ ಅಂತ ಪ್ರತಿ ವಾರ ಕಣ್ಣಿಗೆ ಬಿದ್ದರೆ ಜನ ತಾವೇ ಬೇರೆ ಬೇರೆ ಮಾಡಿ ಇಡುತ್ತಾರೆ. ಹೂದಾನಿ ಮಾಡುವ ಪುಟದಲ್ಲಿ ಒಂದು ಮೂಲೆ ಬಿಟ್ಟುಕೊಟ್ಟರೂ ಸಾಕಾಗುತ್ತದೆ.

– ಒಬ್ಬ ಗೃಹಿಣಿ, ಶಿಡ್ಲಘಟ್ಟ